ಸಂಗ್ರಹದ ಹೊರೆ: ವಿದ್ಯುತ್ ವ್ಯತ್ಯಯವೂ ಸಣ್ಣ ವ್ಯಾಪಾರಿಯ ಲೆಕ್ಕಪತ್ರವೂ

ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದರ ಉತ್ಪಾದನೆಯ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ಜಲಪಾತಕ್ಕೆ ಯಾವ ವರ್ಷ ಯಂತ್ರ ಹೂಡಲಾಯಿತು, ಎಷ್ಟು ಕಿಲೋವಾಟ್ ದೊರೆಯಿತು, ಯಾವ ಊರಿಗೆ ಎಂದು ದೀಪ ಬಂದಿತು ಎಂಬ ಲೆಕ್ಕಗಳು ನಮಗೆ ಬೇಕಾದಷ್ಟು ಸಿಗುತ್ತವೆ. ಬಂದ ವಿದ್ಯುತ್ತು ನಡುವೆ ನಿಂತುಹೋದಾಗ ಆದ ನಷ್ಟವನ್ನು ಯಾರು ಹೊತ್ತರು, ಅದು ನಿಲ್ಲದಂತೆ ನೋಡಿಕೊಳ್ಳುವ ಹೊಣೆ ಯಾರ ಹೆಗಲ ಮೇಲಿತ್ತು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ವಿಚಾರಿಸಿದಂತಿಲ್ಲ. ಪ್ರಸ್ತುತ ಲೇಖನದ ವಿಷಯ ಇದು. ಸಣ್ಣ ಅಂಗಡಿಗಳೂ ಕಚೇರಿಗಳೂ ತಮ್ಮ ಲೆಕ್ಕಪತ್ರವನ್ನೆಲ್ಲ ಗಣಕಯಂತ್ರಕ್ಕೆ ಒಪ್ಪಿಸಿರುವ ಈ ಕಾಲದಲ್ಲಿ ಇದು ಕೇವಲ ಪುರಾತನ ವಿಚಾರವಾಗಿ ಉಳಿದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಪರಿಚಯದ ಜವಳಿ ವ್ಯಾಪಾರಿಯೊಬ್ಬರು ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ನನ್ನಲ್ಲಿಗೆ ಬಂದಿದ್ದರು. ಅಂಗಡಿಯ ಹಿಂಭಾಗದ ಕೋಣೆಯಲ್ಲಿ ಅವರದೊಂದು ಚಿಕ್ಕ ಸರ್ವರ್ ಇದೆ. ಮುಂದಿನ ಮೂರು ಗಲ್ಲಾಗಳ ಬಿಲ್ಲುಗಳೂ ದಾಸ್ತಾನಿನ ಲೆಕ್ಕವೂ ಅದರಲ್ಲಿ ಸೇರುತ್ತವೆ. ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ ಪೆಟ್ಟಿಗೆ ಒಮ್ಮೆ ಕೂಗಿತು, ಮರುಕ್ಷಣವೇ ಅದೂ ಸುಮ್ಮನಾಯಿತು. ಕರೆಂಟು ಮರಳಿ ಬಂದಾಗ ಯಂತ್ರವೇನೋ ಎದ್ದಿತು, ಲೆಕ್ಕದ ಕಡತ ಮಾತ್ರ ತೆರೆಯಲಿಲ್ಲ. ‘ಕತ್ತಲೆಯಲ್ಲಿ ವ್ಯಾಪಾರ ಮಾಡಿ ನಮಗೆ ಅಭ್ಯಾಸವಿದೆ ಸ್ವಾಮಿ, ಆದರೆ ಬರೆದದ್ದು ಅಳಿಸಿಹೋಗುವುದು ನಮ್ಮ ತಂದೆಯ ಕಾಲದಲ್ಲಿ ಇರಲಿಲ್ಲ’ ಎಂದು ಅವರು ಹೇಳಿದ ಮಾತು ಈ ಲೇಖನಕ್ಕೆ ಮೂಲವೆನ್ನಬಹುದು.

ವಿದ್ಯುತ್ತನ್ನು ಕೂಡಿಡುವ ಉಪಾಯ ವಿದ್ಯುತ್ ಕೇಂದ್ರಗಳಿಗಿಂತ ಹಳೆಯದು. ಫ್ರಾನ್ಸಿನ ಗ್ಯಾಸ್ತೋ ಪ್ಲಾಂತೆ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಅದ್ದಿ, ಮತ್ತೆ ಮತ್ತೆ ತುಂಬಬಹುದಾದ ಬ್ಯಾಟರಿಯನ್ನು 1859ರಲ್ಲಿ ನಿರ್ಮಿಸಿದನು. 1881ರಲ್ಲಿ ಕಮೀಲ್ ಫೋರ್ ಎಂಬವನು ತಗಡಿಗೆ ಸೀಸದ ಭಸ್ಮದ ಲೇಪ ಕೊಟ್ಟು ಅದರ ಧಾರಣಶಕ್ತಿಯನ್ನು ಬಹಳವಾಗಿ ಹೆಚ್ಚಿಸಿದನು. ಎಡಿಸನ್ ನ್ಯೂಯಾರ್ಕಿನ ಪರ್ಲ್ ಬೀದಿಯ ಕೇಂದ್ರವನ್ನು ನಡೆಯಿಸಲಾರಂಭಿಸಿದ್ದು 1882ರ ಸೆಪ್ಟೆಂಬರ್ 4ರಂದು. ಅಲ್ಲಿ ಹರಿದದ್ದು ಏಕಮುಖ ಪ್ರವಾಹ. ಏಕಮುಖ ಪ್ರವಾಹಕ್ಕೂ ಬ್ಯಾಟರಿಗೂ ಸಹಜವಾದ ಸ್ನೇಹವುಂಟು. ತಂತಿಯಲ್ಲಿ ಹರಿಯುವುದನ್ನು ಹಾಗೆಯೇ ತುಂಬಿಡಬಹುದು, ತುಂಬಿಟ್ಟದ್ದನ್ನು ಹಾಗೆಯೇ ಹರಿಯಬಿಡಬಹುದು. ಆದುದರಿಂದ ಮುಂದೆ ಯುರೋಪು ಅಮೆರಿಕಗಳ ಅನೇಕ ನಗರಕೇಂದ್ರಗಳು ದೊಡ್ಡ ದೊಡ್ಡ ಬ್ಯಾಟರಿಗಳ ಕೋಣೆಗಳನ್ನು ಇರಿಸಿಕೊಂಡವು. ಯಂತ್ರ ಕೆಟ್ಟರೆ ಸ್ವಲ್ಪ ಹೊತ್ತು ಊರಿನ ದೀಪಗಳನ್ನು ಈ ಕೋಣೆಗಳೇ ನಡೆಸುತ್ತಿದ್ದವು. ಇಲ್ಲಿ ಗಮನಿಸಬೇಕಾದುದು ಇಷ್ಟು: ಸಂಗ್ರಹದ ಹೊರೆಯನ್ನು ಹೊತ್ತವನು ಪೂರೈಸುವವನು, ಕೊಳ್ಳುವವನಲ್ಲ.

ಈ ವ್ಯವಸ್ಥೆಯನ್ನು ಮುರಿದದ್ದು ಪರ್ಯಾಯ ಪ್ರವಾಹದ ಜಯ. ಅದಕ್ಕೆ ನಮ್ಮ ನಾಡಿನ ಉದಾಹರಣೆಗಿಂತ ಸ್ಪಷ್ಟವಾದುದು ಬೇಕಿಲ್ಲ. ಶಿವನಸಮುದ್ರದ ವಿದ್ಯುದಾಗಾರ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಅಧಿಕಾರಾವಧಿಯಲ್ಲಿ ಕೈಗೊಂಡ ಕಾರ್ಯ. ಅದರ ನಿರ್ಮಾಣದ ಹಿಂದೆ ಎಂಜಿನಿಯರ್ ಜಾಲಿ ಡಿ ಲಾಟ್‌ಬಿನಿಯರ್ ಅವರ ಶ್ರಮವಿತ್ತು. ಶೇಷಾದ್ರಿ ಅಯ್ಯರ್ ಅವರು 1901ರಲ್ಲೇ ತೀರಿಕೊಂಡರು. 1902ರ ಜೂನ್ ಕೊನೆಯಲ್ಲಿ ಅಲ್ಲಿಂದ ವಿದ್ಯುತ್ತು ಹರಿದುದನ್ನು ಕಾಣಲು ಅವರು ಉಳಿದಿರಲಿಲ್ಲ. ಆ ಪ್ರವಾಹ ತಲಪಬೇಕಾಗಿದ್ದುದು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು. ಅಷ್ಟು ದೂರಕ್ಕೆ ಒಯ್ಯಬೇಕಾದರೆ ಒತ್ತಡವನ್ನು ಸಾವಿರಾರು ವೋಲ್ಟುಗಳಿಗೆ ಏರಿಸಬೇಕು, ಗಣಿಯ ಬಳಿ ಮತ್ತೆ ಇಳಿಸಬೇಕು. ಅಂದಿನ ಕಾಲಕ್ಕೆ ಪರ್ಯಾಯ ಪ್ರವಾಹವನ್ನು ಬಿಟ್ಟರೆ ಇದಕ್ಕೆ ಬೇರೆ ಮಾರ್ಗವಿರಲಿಲ್ಲ. ಆ ದಿನಗಳಲ್ಲಿ ಲೋಕದ ಅತ್ಯಂತ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಇದೊಂದಾಗಿತ್ತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೂ ಇದೇ ಕೇಂದ್ರದಿಂದ ಬೆಳಕು ಬಂದಿತು.

ಆದರೆ ಪರ್ಯಾಯ ಪ್ರವಾಹವನ್ನು ಅದಿರುವ ರೂಪದಲ್ಲಿ ತುಂಬಿಡಲಾಗದು. ಕ್ಷಣಕ್ಷಣಕ್ಕೂ ಉತ್ಪಾದನೆ ಬಳಕೆಗೆ ಸಮವಾಗಿರಬೇಕು. ಹೀಗಾಗಿ ಬ್ಯಾಟರಿಯ ಕೋಣೆ ವಿದ್ಯುತ್ ಕೇಂದ್ರದಿಂದ ಮೆಲ್ಲನೆ ಮರೆಯಾಯಿತು. ಊರನ್ನು ನಡೆಸುವ ಬ್ಯಾಟರಿ ಹೋಗಿ, ಕೇಂದ್ರದ ಒಳಗಿನ ಸ್ವಿಚ್ಚುಗಳನ್ನು ಆಡಿಸುವಷ್ಟು ಚಿಕ್ಕ ಬ್ಯಾಟರಿ ಮಾತ್ರ ಉಳಿಯಿತು. ಹಾಗಾದರೆ ಕೋಲಾರದ ಗಣಿಗಳಿಗೆ ನಿಲ್ಲದ ಪೂರೈಕೆಯ ಭರವಸೆ ಎಲ್ಲಿಂದ ಬರಬೇಕು? ಸಾವಿರಾರು ಅಡಿ ಆಳದಲ್ಲಿ ಆಳುಗಳು ದುಡಿಯುವಾಗ ಗಾಳಿಯೂದುವ ಯಂತ್ರವಾಗಲಿ ನೀರೆತ್ತುವ ಪಂಪಾಗಲಿ ನಿಂತರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ. ಕಾವೇರಿಯಾದರೋ ಬೇಸಗೆಯಲ್ಲಿ ಸೊರಗುವ ಹೊಳೆ. ಇದಕ್ಕೆ ಮೈಸೂರು ಸರ್ಕಾರ ಕಂಡುಕೊಂಡ ಉತ್ತರ ಕನ್ನಂಬಾಡಿಯ ಅಣೆಕಟ್ಟು. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿದ್ದಾಗ, 1911ರಲ್ಲಿ, ಅದರ ಕೆಲಸ ಮೊದಲಾಯಿತು. ನೀರಾವರಿಯ ಹೆಸರಿನಿಂದಲೇ ಅದು ಇಂದು ಜನರ ನೆನಪಿನಲ್ಲಿದ್ದರೂ, ಶಿವನಸಮುದ್ರಕ್ಕೆ ವರ್ಷವಿಡೀ ಸಮನಾಗಿ ನೀರೊದಗಿಸಿ ಗಣಿಗಳ ವಿದ್ಯುತ್ತನ್ನು ಭದ್ರಪಡಿಸುವುದು ಅದರ ಆರಂಭದ ಉದ್ದೇಶಗಳಲ್ಲಿ ಮುಖ್ಯವಾದುದೆಂಬುದನ್ನು ಮರೆಯಲಾಗದು. ವಿದ್ಯುತ್ತನ್ನು ತುಂಬಿಡಲಾಗದಿದ್ದರೆ ನೀರನ್ನು ತುಂಬಿಡುವುದು! ನನ್ನ ದೃಷ್ಟಿಯಲ್ಲಿ ಕನ್ನಂಬಾಡಿಯೂ ಒಂದು ಬ್ಯಾಟರಿಯೇ. ದೊಡ್ಡ ಗ್ರಾಹಕನಿಗಾಗಿ ರಾಜ್ಯವು ತನ್ನ ಖರ್ಚಿನಲ್ಲಿ ಕಟ್ಟಿಸಿದ ಬ್ಯಾಟರಿ.

ಬ್ಯಾಟರಿಯ ಹಳೆಯ ಪದ್ಧತಿಯನ್ನು ಕೈಬಿಡದೆ ಉಳಿಸಿಕೊಂಡ ಇಲಾಖೆಯೂ ಒಂದುಂಟು: ದೂರವಾಣಿ. 1890ರ ದಶಕದಿಂದೀಚೆಗೆ ದೂರವಾಣಿ ವಿನಿಮಯ ಕೇಂದ್ರಗಳು ಎಲ್ಲ ಚಂದಾದಾರರ ಉಪಕರಣಗಳಿಗೂ ಒಂದೇ ಕಡೆಯಿಂದ ಪ್ರವಾಹ ಕೊಡುವ ಪದ್ಧತಿಗೆ ತಿರುಗಿದವು. 48 ವೋಲ್ಟಿನ ಬ್ಯಾಟರಿಗಳ ಸಾಲು ಕ್ರಮೇಣ ಅವುಗಳ ಲಕ್ಷಣವೇ ಆಯಿತು. ಬೀದಿಯೆಲ್ಲ ಕತ್ತಲಾದಾಗಲೂ ಮನೆಯ ಹಳೆಯ ಕಪ್ಪು ಟೆಲಿಫೋನಿನಲ್ಲಿ ಸದ್ದು ಇರುತ್ತಿದ್ದುದು ಹಿರಿಯ ಓದುಗರಿಗೆ ನೆನಪಿದ್ದೀತು. 1965ರ ನವೆಂಬರ್ 9ರ ಸಂಜೆ, ಕೆನಡಾದ ಆಂಟೇರಿಯೋ ಪ್ರಾಂತದ ಒಂದು ವಿದ್ಯುದಾಗಾರದಲ್ಲಿ ರಕ್ಷಣೋಪಕರಣವೊಂದು ಕೆಲಸಮಾಡಿದ ಕಾರಣ ಒಂದಾದಮೇಲೊಂದು ಮಾರ್ಗ ಕಳಚಿ, ನ್ಯೂಯಾರ್ಕ್ ಮೊದಲಾದ ಪ್ರದೇಶಗಳ ಸುಮಾರು 3 ಕೋಟಿ ಜನ ಕತ್ತಲೆಯಲ್ಲಿ ಮುಳುಗಿದರು. ಆ ರಾತ್ರಿಯೂ ಅಲ್ಲಿ ದೂರವಾಣಿ ನಡೆಯುತ್ತಿತ್ತು.

ಇನ್ನು ಗಣಕಯಂತ್ರದ ಕಡೆಗೆ ಬರೋಣ. ಅದರ ಚರಿತ್ರೆಯಲ್ಲಿ ಒಂದು ವಿಚಿತ್ರವನ್ನು ಕಾಣುತ್ತೇವೆ. 1950ರ ದಶಕದ ನಡುಭಾಗದಿಂದ ಸುಮಾರು ಇಪ್ಪತ್ತು ವರ್ಷ ಕಾಲ ಗಣಕಗಳ ಸ್ಮರಣಕೋಶವು ಸಾಸಿವೆಯಂತಹ ಕಾಂತೀಯ ಉಂಗುರಗಳಿಂದ ಹೆಣೆದುದಾಗಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಪೂರ್ಣಗೊಂಡ ‘ಟಿಫ್ರಾಕ್’ ಯಂತ್ರದಲ್ಲಿಯೂ ಇದ್ದುದು ಇಂತಹ ಸ್ಮರಣಕೋಶವೇ. ಕಾಂತತ್ವ ವಿದ್ಯುತ್ತಿಲ್ಲದೆಯೂ ಉಳಿಯತಕ್ಕದ್ದು. ಆದುದರಿಂದ ಪ್ರವಾಹ ನಿಂತರೂ ಉಂಗುರದಲ್ಲಿದ್ದ ಅಂಕೆ ಅಲ್ಲಿಯೇ ಇರುತ್ತಿತ್ತು. ಆ ಕಾಲದ ಕೆಲವು ಯಂತ್ರಗಳು ಪ್ರವಾಹ ಕುಸಿಯುತ್ತಿರುವುದನ್ನು ತಾವೇ ಅರಿತು, ಉಳಿದ ಕೆಲವೇ ಸಹಸ್ರಾಂಶ ಸೆಕೆಂಡುಗಳಲ್ಲಿ ಕೈಯಲ್ಲಿದ್ದ ಕೆಲಸವನ್ನು ಉಂಗುರಗಳಿಗೆ ಒಪ್ಪಿಸಿ ಸುಮ್ಮನಾಗುತ್ತಿದ್ದವು. ವಿದ್ಯುತ್ತು ಬಂದೊಡನೆ ಬಿಟ್ಟಲ್ಲಿಂದ ಮುಂದುವರಿಯುತ್ತಿದ್ದವು. 1970ರಿಂದೀಚೆಗೆ ಅರೆವಾಹಕದ ಸ್ಮರಣಕೋಶ ಬಂದಿತು. ಅದು ಅಗ್ಗವಾದುದು, ಚುರುಕಾದುದು, ಆದರೆ ಪ್ರವಾಹ ತಪ್ಪಿದರೆ ಎಲ್ಲವನ್ನೂ ಮರೆಯುವಂಥದು. ಗಣಕ ಸಣ್ಣವರ ಕೈಗೆ ಎಟುಕುವಷ್ಟು ಅಗ್ಗವಾದದ್ದೂ ವಿದ್ಯುತ್ ವ್ಯತ್ಯಯಕ್ಕೆ ಅಷ್ಟೊಂದು ಅಳ್ಳೆದೆಯದಾದದ್ದೂ ಒಂದೇ ಕಾರಣದಿಂದ. ದೊಡ್ಡ ಗಣಕಗಳನ್ನು ಇರಿಸಿಕೊಂಡಿದ್ದ ಬ್ಯಾಂಕು, ವಿಮಾನ ಕಂಪನಿ ಮುಂತಾದವು ಭಾರವಾದ ತಿರುಗುಚಕ್ರಗಳನ್ನೂ ಬ್ಯಾಟರಿಗಳ ಸಾಲುಗಳನ್ನೂ ಡೀಸೆಲ್ ಜನರೇಟರುಗಳನ್ನೂ ಹೂಡಿಕೊಂಡವು. ಅಂಗಡಿಯವನು ಏನು ಮಾಡಬೇಕು?

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಎದ್ದ ಕಾಲ ಬಹು ಕೆಟ್ಟದಾಗಿತ್ತು. 1948ರಲ್ಲಿ ಜೋಗದಲ್ಲಿಯೂ 1960ರ ದಶಕದಲ್ಲಿ ಶರಾವತಿಯಲ್ಲಿಯೂ ದೊರೆತ ಜಲವಿದ್ಯುತ್ತಿನಿಂದ ಮೈಸೂರು ರಾಜ್ಯ ವಿದ್ಯುತ್ ಸಮೃದ್ಧಿಗೆ ಹೆಸರಾಗಿತ್ತು. ಆದರೆ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ನಡೆಯುವವರೆಗೆ ರಾಜ್ಯವು ಬಹುಮಟ್ಟಿಗೆ ಮಳೆಯನ್ನೇ ನಂಬಿತ್ತು. ಬಳಕೆ ಏರಿತು; ಮಳೆ ತಪ್ಪಿದ ವರ್ಷಗಳಲ್ಲಿ ಲಿಂಗನಮಕ್ಕಿ ಬರಿದಾಯಿತು; ವಿದ್ಯುತ್ ಕಡಿತ ದಿನಚರಿಯ ಅಂಗವಾಯಿತು. ಸರಿಯಾಗಿ ಈ ದಿನಗಳಲ್ಲಿಯೇ ಪರ್ಸನಲ್ ಕಂಪ್ಯೂಟರು ನಮ್ಮ ಪೇಟೆಗಳನ್ನು ಹೊಕ್ಕಿತು. ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ, ಭರತ್ ಗೋಯೆಂಕಾ ಅವರು 1986ರಲ್ಲಿ ಸ್ಥಾಪಿಸಿದ ಸಂಸ್ಥೆಯ ಲೆಕ್ಕದ ತಂತ್ರಾಂಶ, ಮುಂದೆ ‘ಟ್ಯಾಲಿ’ ಎಂದು ಮನೆಮಾತಾದುದು, ಸಣ್ಣ ವ್ಯಾಪಾರಿಯ ಖಾತೆಪುಸ್ತಕವನ್ನು ಪರದೆಯ ಮೇಲೆ ತಂದಿತು. ಕೆಟ್ಟ ದತ್ತಾಂಶವನ್ನು ಪುನಃ ಬರೆಯಿಸಿ ಸರಿಪಡಿಸಲು ಅದರಲ್ಲಿ ಒಂದು ಆಜ್ಞೆಯನ್ನೇ ಇರಿಸಿದ್ದರೆಂಬುದು ಕಾಲಸ್ಥಿತಿಯನ್ನು ಚೆನ್ನಾಗಿ ಸೂಚಿಸುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1981ರಲ್ಲಿ ಮೂವರು ಎಂಜಿನಿಯರುಗಳು ಸೌರಶಕ್ತಿಯ ಉಪಕರಣಗಳಿಗೆಂದು ಆರಂಭಿಸಿದ ಅಮೆರಿಕನ್ ಪವರ್ ಕನ್ವರ್ಶನ್ ಸಂಸ್ಥೆ 1984ರಲ್ಲಿ ಯುಪಿಎಸ್ ತಯಾರಿಕೆಗೆ ತಿರುಗಿತು. ಇದೇ ದಶಕದಲ್ಲಿ ನಮ್ಮಲ್ಲಿಯೂ ಇಂತಹ ಪೆಟ್ಟಿಗೆಗಳನ್ನು ಮಾಡುವ ಕಾರ್ಖಾನೆಗಳು ಹುಟ್ಟಿಕೊಂಡವು. ಪೆಟ್ಟಿಗೆಯೊಳಗೆ ಇದ್ದುದು ಪ್ಲಾಂತೆಯ ಸೀಸದ ಬ್ಯಾಟರಿಯೇ. ವಿದ್ಯುತ್ ಕೇಂದ್ರದಿಂದ ಹೊರಬಿದ್ದ ಆ ಬ್ಯಾಟರಿ ನೂರು ವರ್ಷಗಳ ತರುವಾಯ ಅಂಗಡಿಯ ಮೇಜಿನ ಕೆಳಗೆ ಬಂದು ಕುಳಿತಿತು. ಹಣ ತೆತ್ತವನು ಮಾತ್ರ ಈಗ ಗ್ರಾಹಕ.

ಇಲ್ಲಿ ಸ್ವಲ್ಪ ನಿಂತು ಆ ಪೆಟ್ಟಿಗೆಯ ಕೆಲಸವನ್ನು ತಿಳಿಯುವುದು ಅವಶ್ಯ; ಇತಿಹಾಸದ ವಿದ್ಯಾರ್ಥಿಗಳು ಇದನ್ನು ಯಂತ್ರದವರ ವಿಷಯವೆಂದು ಬಿಟ್ಟುಬಿಡಬಾರದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದು; ಒಂದು ಆವರ್ತನಕ್ಕೆ ಹಿಡಿಯುವ ಕಾಲ 20 ಮಿಲಿಸೆಕೆಂಡು. ಪ್ರವಾಹ ಪೂರ್ಣವಾಗಿ ನಿಂತರೂ ಗಣಕ ತನ್ನೊಳಗಿನ ಸಂಚಯದಿಂದ ಹೆಚ್ಚುಕಡಿಮೆ ಅಷ್ಟೇ ಹೊತ್ತು ತಾಳಿಕೊಳ್ಳಬಲ್ಲುದು. ಅಮೆರಿಕದ ಗಣಕ ತಯಾರಕರ ಮಂಡಳಿ ಪ್ರಕಟಿಸಿದ ಸಹನಶಕ್ತಿಯ ರೇಖೆಯೂ ಇದೇ 20 ಮಿಲಿಸೆಕೆಂಡಿನ ಮಿತಿಯನ್ನು ಹೇಳುತ್ತದೆ. ಮನೆಯ ಸಾಮಾನ್ಯ ಇನ್ವರ್ಟರು ಬ್ಯಾಟರಿಗೆ ಹೊರಳಲು ಇದಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುವುದುಂಟು. ಪಂಖಕ್ಕೂ ದೀಪಕ್ಕೂ ಅದು ತಿಳಿಯುವುದೇ ಇಲ್ಲ; ಗಣಕ ಮಾತ್ರ ಆರಿ ಹೊತ್ತುತ್ತದೆ. ‘ಇನ್ವರ್ಟರ್ ಇದೆಯಲ್ಲ, ಮತ್ತೇಕೆ ಯುಪಿಎಸ್?’ ಎಂದು ಕೇಳಿ ಹಣ ಉಳಿಸಿದವರು ಆ ಉಳಿತಾಯವನ್ನು ಲೆಕ್ಕದ ಕಡತದಲ್ಲಿ ಕಳೆದುಕೊಂಡದ್ದುಂಟು. ಅಗ್ಗದ ಯುಪಿಎಸ್ಸು ಪ್ರವಾಹ ತಪ್ಪಿದ ಬಳಿಕ ಕೆಲವು ಮಿಲಿಸೆಕೆಂಡಿನಲ್ಲಿ ಹೊರಳುತ್ತದೆ. ‘ಆನ್‌ಲೈನ್’ ಎಂದು ಕರೆಯುವ ದುಬಾರಿಯ ಬಗೆಯಲ್ಲಿ ಹೊರಳುವ ಮಾತೇ ಇಲ್ಲ. ಬಂದ ವಿದ್ಯುತ್ತನ್ನೆಲ್ಲ ಏಕಮುಖ ಪ್ರವಾಹವಾಗಿ ಮಾರ್ಪಡಿಸಿ, ಬ್ಯಾಟರಿಗೆ ಜೋಡಿಸಿ, ಅಲ್ಲಿಂದ ಹೊಸದಾಗಿ ಪರ್ಯಾಯ ಪ್ರವಾಹವನ್ನು ಸೃಷ್ಟಿಸಿ ಸರ್ವರಿಗೆ ಕೊಡುತ್ತದೆ. ಏಕಮುಖ ಪ್ರವಾಹದ ಹಳೆಯ ನಗರಕೇಂದ್ರವೇ ಚಿಕ್ಕದಾಗಿ ಪೆಟ್ಟಿಗೆಯೊಳಗೆ ಸೇರಿಕೊಂಡಂತೆ.

ವಿದ್ಯುತ್ತು ಹೋಗುವುದೊಂದೇ ಆಪತ್ತಲ್ಲ. ಬೀದಿಯ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟ್ ಇರಬೇಕಾದಲ್ಲಿ 400ರ ಸಮೀಪಕ್ಕೆ ಏರಬಹುದು. ಒಂದು ಬೀದಿಯ ದೂರದರ್ಶನಗಳೆಲ್ಲ ಒಂದೇ ಸಂಜೆ ಸುಟ್ಟುಹೋದ ಸುದ್ದಿ ನಾವು ಕೇಳಿರುವುದೇ. ಮುಂಗಾರಿನ ಸಿಡಿಲು ಇನ್ನೊಂದು. ಅಂಗಡಿಯ ಹಿತ್ತಿಲಿನಲ್ಲಿ ಇದ್ದಿಲು ಉಪ್ಪು ತುಂಬಿ ಹೂಳಿದ ಭೂಸಂಪರ್ಕದ ಗುಂಡಿ ಒಣಗಿಹೋಗಿದ್ದರೆ ರಕ್ಷಣೋಪಕರಣಗಳು ಇದ್ದೂ ಇಲ್ಲದಂತೆ. ಇವೆಲ್ಲಕ್ಕಿಂತ ಸಾಮಾನ್ಯವಾದ ದೋಷ ಅತ್ಯಂತ ಸಾಧಾರಣವಾದುದು. ಮೊಹರು ಮಾಡಿದ ಸೀಸದ ಬ್ಯಾಟರಿ 20ರಿಂದ 25 ಡಿಗ್ರಿ ಉಷ್ಣತೆಯಲ್ಲಿ ಮೂರರಿಂದ ಐದು ವರ್ಷ ಬಾಳುವಂಥದು. ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧವಾಗುತ್ತದೆ. ಗಾಳಿಯಾಡದ ಹಿಂಭಾಗದ ಕೋಣೆಯಲ್ಲಿ ಬಟ್ಟೆಯ ಗಂಟುಗಳ ನಡುವೆ ಇರಿಸಿದ ಪೆಟ್ಟಿಗೆಯ ಪಾಡನ್ನು ಊಹಿಸಬಹುದು. ಹಸುರು ದೀಪ ಉರಿಯುತ್ತಲೇ ಇರುತ್ತದೆ, ಒಳಗೆ ಬ್ಯಾಟರಿ ಎಂದೋ ಸತ್ತಿರುತ್ತದೆ. ನಮ್ಮ ಜವಳಿ ವ್ಯಾಪಾರಿಗೆ ಆದದ್ದು ಇದೇ.

ಆದರೆ ಬ್ಯಾಟರಿಯೊಂದೇ ಉತ್ತರವೆಂದು ತಿಳಿಯುವುದು ಇತಿಹಾಸವನ್ನು ಅರ್ಧ ಓದಿದಂತೆ. ವಿದ್ಯುತ್ತು ನಿಂತಾಗ ಸರ್ವರಿನಲ್ಲಿ ಕೆಡುವುದು ಏನು? ತಟ್ಟೆಯ ಮೇಲೆ ಆಗಲೇ ಬರೆದದ್ದು ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಕೆಡುವುದು ಅರ್ಧ ಬರೆದದ್ದು. ಸರಕು ದಾಸ್ತಾನಿನಿಂದ ಇಳಿದಿದೆ, ಗಿರಾಕಿಯ ಖಾತೆಗೆ ಏರಿಲ್ಲ; ಈ ನಡುವೆ ಪ್ರವಾಹ ನಿಂತರೆ ಕಡತ ತನ್ನನ್ನು ತಾನೇ ಸುಳ್ಳು ಮಾಡಿಕೊಳ್ಳುತ್ತದೆ. ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ‘ಸಿಸ್ಟಮ್ ಆರ್’ ಎಂಬ ದತ್ತಸಂಚಯದ ಮೇಲೆ ದುಡಿದ ಜಿಮ್ ಗ್ರೇ ಮೊದಲಾದವರು ಇದಕ್ಕೆ ಪರಿಹಾರದ ತತ್ತ್ವವನ್ನು ಕ್ರಮಪಡಿಸಿದರು. ಕಡತವನ್ನು ಮುಟ್ಟುವ ಮುನ್ನ, ಏನು ಮಾಡಲಿದ್ದೇವೆಂಬುದನ್ನು ಬೇರೆಯೊಂದು ದಿನಚರಿಯಲ್ಲಿ ಬರೆದು ಭದ್ರಪಡಿಸಬೇಕು. ನಡುವೆ ಯಂತ್ರ ನಿಂತರೆ, ಎದ್ದಮೇಲೆ ದಿನಚರಿಯನ್ನು ಓದಿ, ಮುಗಿದದ್ದನ್ನು ಊರ್ಜಿತಗೊಳಿಸಿ ಮುಗಿಯದುದನ್ನು ಅಳಿಸಬೇಕು. ಮದ್ರಾಸಿನ ಐಐಟಿಯಲ್ಲಿ ಓದಿದ ಸಿ. ಮೋಹನ್ ಅವರು ಸಹೋದ್ಯೋಗಿಗಳೊಡನೆ 1992ರಲ್ಲಿ ಪ್ರಕಟಿಸಿದ ‘ಏರೀಸ್’ ಎಂಬ ಪದ್ಧತಿ ಈ ವಿಧಾನದ ಪ್ರೌಢರೂಪ. ಕಡತವ್ಯವಸ್ಥೆಗಳಲ್ಲಿಯೂ ಇದೇ ತತ್ತ್ವ ಸೇರಿತು. 1993ರಲ್ಲಿ ವಿಂಡೋಸ್ ಎನ್‌ಟಿಯೊಡನೆ, 2001ರಲ್ಲಿ ಲಿನಕ್ಸಿನೊಡನೆ.

ಈ ತತ್ತ್ವವನ್ನು ಕೇಳಿ ನಮ್ಮ ಹಳೆಯ ಪೇಟೆಯ ಗುಮಾಸ್ತನೊಬ್ಬನು ನಗುತ್ತಿದ್ದನೆಂದು ತೋರುತ್ತದೆ. ಕಿರ್ದಿಯಲ್ಲಿ ಮೊದಲು ಬರೆ, ಆಮೇಲೆ ಖಾತೆಗೆ ಏರಿಸು ಎಂಬುದು ಅವನಿಗೆ ಯಜಮಾನರು ಕಲಿಸಿದ ಮೊದಲ ಪಾಠ. ಖಾತೆಗೆ ಏರಿಸುವಾಗ ಯಾರೋ ಕರೆದು ಅವನು ಎದ್ದುಹೋದರೂ, ಮರಳಿ ಬಂದು ಕಿರ್ದಿಯನ್ನು ನೋಡಿ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಬಹುದು. ಗ್ರೇ ಮುಂತಾದವರು ಕಿರ್ದಿಯನ್ನು ನೋಡಿ ಕಲಿತರೆಂದು ಹೇಳುವ ದುಡುಕು ನನಗಿಲ್ಲ. ಅಡಚಣೆ ಒಂದೇ ಆಗಿರುವಾಗ ಉಪಾಯವೂ ಒಂದೇ ಬಗೆಯದಾಗಿರುವುದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ, ಗಣಕ ಬಂದಾಗ ನಮ್ಮ ವ್ಯಾಪಾರಿಗಳು ಕಿರ್ದಿಯನ್ನು ಬಿಟ್ಟು ಖಾತೆಯನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಿದ್ದು. ಯಂತ್ರದೊಳಗಿನ ಕಿರ್ದಿಯಾದರೂ ಎಲ್ಲ ವೇಳೆಯಲ್ಲಿ ನಂಬಿಕೆಗೆ ಅರ್ಹವಲ್ಲ. ವೇಗಕ್ಕಾಗಿ ತಟ್ಟೆಯು ತನ್ನದೇ ಚಿಕ್ಕ ಸ್ಮರಣಕೋಶದಲ್ಲಿ ಬರಹವನ್ನು ಹಿಡಿದಿಟ್ಟು, ತಟ್ಟೆಗೆ ಇಳಿಸುವ ಮೊದಲೇ ‘ಬರೆದಾಯಿತು’ ಎಂದು ಉತ್ತರಿಸುವುದುಂಟು. ಬೆಲೆಯುಳ್ಳ ಸರ್ವರುಗಳಲ್ಲಿ ಈ ಸ್ಮರಣಕೋಶಕ್ಕೂ ಪ್ರತ್ಯೇಕ ಬ್ಯಾಟರಿಯೋ ವಿದ್ಯುತ್ ಧಾರಕವೋ ಇರುತ್ತದೆ. ಸಣ್ಣ ವ್ಯಾಪಾರಿ ಕೊಳ್ಳುವ ಯಂತ್ರದಲ್ಲಿ ಅನೇಕ ವೇಳೆ ಇರುವುದಿಲ್ಲ. ಆದಕಾರಣ ಯುಪಿಎಸ್ಸಿನಿಂದ ಸರ್ವರಿಗೆ ಹೋಗುವ ಸಣ್ಣ ಸಂಜ್ಞಾತಂತಿಗೆ ಇರುವ ಮಹತ್ತ್ವ ದೊಡ್ಡ ಬ್ಯಾಟರಿಗಿಲ್ಲ. ಬ್ಯಾಟರಿ ಮುಗಿಯುತ್ತ ಬಂದಿತೆಂದು ಅದು ತಿಳಿಸಿದರೆ ಸರ್ವರ್ ಕ್ರಮವಾಗಿ ಕಡತಗಳನ್ನು ಮುಚ್ಚಿ ನಿಲ್ಲುತ್ತದೆ. ಪೆಟ್ಟಿಗೆಯೊಡನೆ ಬಂದ ಆ ತಂತಿ ಎಷ್ಟೋ ಅಂಗಡಿಗಳಲ್ಲಿ ಕಟ್ಟು ಬಿಚ್ಚದೆ ಹಾಗೆಯೇ ಬಿದ್ದಿರುವುದನ್ನು ನಾನು ಕಂಡಿದ್ದೇನೆ.

ಪೂರೈಸುವವರ ಕಡೆಯಲ್ಲಿ ಸುಧಾರಣೆ ಆಗಿಲ್ಲವೆನ್ನುವಂತಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಎರಡು ಬಾರಿ ಕುಸಿದು, ಎರಡನೆಯ ದಿನ ಪೂರ್ವ ಹಾಗೂ ಈಶಾನ್ಯದ ಜಾಲಗಳೂ ಅದರೊಡನೆ ಬಿದ್ದು, ಸುಮಾರು 60 ಕೋಟಿ ಜನರಿಗೆ ತೊಂದರೆಯಾಯಿತು. ದಕ್ಷಿಣದ ಜಾಲ ಆಗಿನ್ನೂ ಅವುಗಳೊಡನೆ ಏಕತಾಳದಲ್ಲಿ ಜೋಡಣೆಯಾಗದಿದ್ದುದರಿಂದ ಕರ್ನಾಟಕ ಪಾರಾಯಿತು; ಕೊರತೆಯ ದಿನಗಳಲ್ಲಿ ಉತ್ತರದ ವಿದ್ಯುತ್ತು ನಮಗೆ ಬೇಕಾದಷ್ಟು ಬಾರದಿದ್ದುದೂ ಅದೇ ಕಾರಣದಿಂದ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ಈ ಜೋಡಣೆ ನಡೆದು ಇಡೀ ದೇಶ ಒಂದೇ ಜಾಲವಾಯಿತು. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಗ್ರಾಹಕರ ಹಕ್ಕುಗಳ ನಿಯಮಗಳು ದಿನದ 24 ಗಂಟೆಯೂ ವಿದ್ಯುತ್ ಪೂರೈಸುವುದು ವಿತರಣ ಕಂಪನಿಯ ಕರ್ತವ್ಯವೆಂದು ಸಾರಿದವು, ತಪ್ಪಿದರೆ ಪರಿಹಾರದ ಮಾತನ್ನೂ ಆಡಿದವು.

ಇದರ ಎದುರಿಗೆ ಇನ್ನೊಂದು ನಿಯಮವನ್ನು ಇರಿಸಿ ನೋಡಬೇಕು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ಅದರ ಕಾಯಿದೆಯ ಪ್ರಕಾರ ವ್ಯಾಪಾರಿಯು ತನ್ನ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣಪತ್ರದ ಗಡುವಿನಿಂದ 72 ತಿಂಗಳ ಕಾಲ ಕಾಪಾಡಬೇಕು. ಲೆಕ್ಕವು ಗಣಕದಲ್ಲಿದ್ದರೆ, ಅಪಘಾತದಿಂದಲೋ ಪ್ರಕೃತಿವಶದಿಂದಲೋ ಅದು ನಾಶವಾದಾಗ ಯುಕ್ತಕಾಲದಲ್ಲಿ ಮರಳಿ ಪಡೆಯುವಂತೆ ಪ್ರತಿಯನ್ನು ಇರಿಸಿಕೊಂಡಿರಬೇಕೆಂದು 57ನೆಯ ನಿಯಮ ಹೇಳುತ್ತದೆ. ನಿಲ್ಲದ ವಿದ್ಯುತ್ತಿಗೆ ಹೊಣೆ ವಿತರಣ ಕಂಪನಿಯದು. ವಿದ್ಯುತ್ತು ನಿಂತು ಕೆಟ್ಟ ಕಡತಕ್ಕೆ ಹೊಣೆ ಅಂಗಡಿಯವನದು. ಎರಡು ಶಾಸನಗಳು ಎರಡು ಇಲಾಖೆಗಳಿಂದ ಬಂದವು. ಒಂದಕ್ಕೊಂದು ಪರಿಚಯವಿದ್ದಂತೆ ಕಾಣುವುದಿಲ್ಲ. ಗಣಿಯ ಕಂಪನಿಗಳಿಗೆ 1911ರಲ್ಲಿ ಸರ್ಕಾರ ಜಲಾಶಯ ಕಟ್ಟಲು ಹೊರಟಿತು. ಜವಳಿ ಅಂಗಡಿಗೆ ಅಂತಹ ಜಲಾಶಯ ಬೇಕಿಲ್ಲ, ಅದನ್ನು ಯಾರೂ ಕೇಳುತ್ತಲೂ ಇಲ್ಲ. ಆದರೆ ಹೊರೆ ಹೀಗೆ ಕೈಬದಲಾಯಿತೆಂಬುದನ್ನು ದಾಖಲೆ ಮಾಡುವ ಕೆಲಸವಾದರೂ ಆಗಬೇಡವೆ?

ಆ ವ್ಯಾಪಾರಿಯ ಲೆಕ್ಕ ಕೊನೆಗೆ ಸಿಕ್ಕಿತು, ಯಂತ್ರದಿಂದ ಮಾತ್ರ ಅಲ್ಲ. ಎರಡು ದಿನಗಳ ಬಿಲ್ಲುಗಳ ಎರಡನೆಯ ಪ್ರತಿಗಳು ತಂತಿಯ ಕೊಕ್ಕೆಯೊಂದಕ್ಕೆ ಚುಚ್ಚಿದ್ದವು. ಅವನ್ನು ನೋಡಿಕೊಂಡು ಇಬ್ಬರು ಹುಡುಗರು ಒಂದು ರಾತ್ರಿಯಿಡೀ ಮತ್ತೆ ಬರೆದರು. ಈಗ ಅವರು ಹೊಸ ಬ್ಯಾಟರಿ ಹಾಕಿಸಿ, ಅದರ ಮೈಮೇಲೆ ಕೊಂಡ ತಿಂಗಳನ್ನು ಬಿಳಿಯ ಬಣ್ಣದಲ್ಲಿ ಬರೆಸಿದ್ದಾರೆ. ಪ್ರತಿ ಶನಿವಾರ ಸಂಜೆ ಮುಖ್ಯ ಸ್ವಿಚ್ಚನ್ನು ತಾವೇ ಆರಿಸಿ ಸರ್ವರ್ ನಿಲ್ಲುವುದೋ ನಡೆಯುವುದೋ ನೋಡುತ್ತಾರೆ; ಅದಕ್ಕೆ ಮುನ್ನ ಕಡತದ ಒಂದು ಪ್ರತಿ ಅವರ ಮಗನೊಡನೆ ಮನೆಗೆ ಹೋಗಿರುತ್ತದೆ. ಗಲ್ಲಾದ ಪಕ್ಕದಲ್ಲಿ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕವೂ ಬಂದು ಕುಳಿತಿದೆ.